ಉಪಕರಣ ಭೂಸಂಪರ್ಕ ವಾಹಕದ ಗಾತ್ರನಿರ್ಣಯ: ಅಮೆರಿಕದ ಸಂಹಿತೆಯ ಒಂದು ಕೋಷ್ಟಕದ ವಿಮರ್ಶೆ

1

ಕಾವ್ಯ, ಶಾಸನ, ದರ್ಶನಗ್ರಂಥಗಳನ್ನು ಕುರಿತು ವಿಮರ್ಶೆ ನಡೆಸುವ ಪದ್ಧತಿ ನಮ್ಮ ವಿದ್ಯಾಪೀಠಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಎಂಜಿನಿಯರಿಂಗ್ ಸಂಹಿತೆಗಳ ವಿಷಯದಲ್ಲಿ ಹಾಗಿಲ್ಲ. ಅವುಗಳನ್ನು ಪಾಲಿಸುವವರುಂಟು, ಮೀರುವವರುಂಟು. ಆದರೆ ಅವನ್ನು ಗ್ರಂಥವೆಂದು ಭಾವಿಸಿ, ಒಂದೊಂದು ವಾಕ್ಯದ ಹಿಂದಿರುವ ಯುಕ್ತಿಯನ್ನು ಹುಡುಕಿ ಓದುವವರು ವಿರಳ. ನಿಯಮಕ್ಕೆ ಕಾರಣವನ್ನು ಕೇಳುವುದು ಅವಿಧೇಯತೆಯಲ್ಲ. ಕಾರಣವನ್ನು ತಿಳಿಯದೆ ಪಾಲಿಸಿದ ನಿಯಮವು ಸಂದರ್ಭ ಬದಲಾದೊಡನೆ ಅಪಾಯಕ್ಕೆ ದಾರಿಯಾಗಬಹುದು. ವಿದ್ಯುಚ್ಛಕ್ತಿಯ ವಿಷಯದಲ್ಲಂತೂ ಆ ಅಪಾಯವು ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಿದ ಕೆಲಸಗಾರನ ಪ್ರಾಣಕ್ಕೆ ಸಂಬಂಧಿಸಿದುದು.

ಪ್ರಕೃತ ಲೇಖನದಲ್ಲಿ ಪರಿಶೀಲನೆಗೆ ಎತ್ತಿಕೊಂಡಿರುವುದು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 250.122ನೆಯ ವಿಭಾಗವನ್ನೂ ಅದೇ ಸಂಖ್ಯೆಯ ಕೋಷ್ಟಕವನ್ನೂ. ಈ ಸಂಹಿತೆಯ ಮೊದಲ ಆವೃತ್ತಿ 1897ರಲ್ಲಿ ಹೊರಬಂದಿತು; 1911ರಿಂದ ಅಲ್ಲಿಯ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ಅದರ ಹೊಣೆಯನ್ನು ಹೊತ್ತಿದೆ; ಮೂರು ವರ್ಷಗಳಿಗೊಮ್ಮೆ ಅದು ಪರಿಷ್ಕೃತವಾಗುತ್ತದೆ. ನಮ್ಮ ದೇಶದಲ್ಲಿಯೂ ಇದೇ ಹೆಸರಿನ ಗ್ರಂಥವೊಂದು ಭಾರತೀಯ ಮಾನಕ ಸಂಸ್ಥೆಯಿಂದ 1985ರಲ್ಲಿ ಪ್ರಕಟವಾಯಿತು; ಎರಡನ್ನೂ ಒಂದೆಂದು ಭ್ರಮಿಸಬಾರದು. ಅಮೆರಿಕದ ಪಠ್ಯಪುಸ್ತಕಗಳು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಭಂಡಾರಗಳಲ್ಲಿ ಬಳಕೆಯಲ್ಲಿರುವುದರಿಂದಲೂ, ಅವುಗಳೊಡನೆ ಈ ಕೋಷ್ಟಕವೂ ವಿದ್ಯಾರ್ಥಿಗಳ ಕೈಗೆ ಬರುವುದರಿಂದಲೂ, ಇದರ ಗುಣದೋಷಗಳನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದು.

2

ಮೊದಲು ಪದಾರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಭೂಸಂಪರ್ಕದ ತಂತಿ ಎಂದೊಡನೆ ಸಾಮಾನ್ಯರ ಮನಸ್ಸಿಗೆ ಬರುವುದು ನೆಲದಲ್ಲಿ ಹೂತ ಕೊಳವೆ ಅಥವಾ ಫಲಕಕ್ಕೆ ಹೋಗುವ ತಂತಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ಯಂತ್ರೋಪಕರಣಗಳ ಲೋಹದ ಕವಚಗಳನ್ನು ಒಂದಕ್ಕೊಂದು ಜೋಡಿಸಿ, ವಿದ್ಯುತ್ತಿನ ಮೂಲದಲ್ಲಿ ಭೂಸಂಪರ್ಕ ಪಡೆದಿರುವ ಬಿಂದುವಿಗೆ ಹಿಂದಿರುಗಿ ತಲುಪುವ ವಾಹಕಕ್ಕೆ ಉಪಕರಣ ಭೂಸಂಪರ್ಕ ವಾಹಕವೆಂದು ಹೆಸರು. ಯುರೋಪಿನ ಪರಿಭಾಷೆಯಲ್ಲಿ ಇದು ರಕ್ಷಕ ವಾಹಕ. ಎಲ್ಲವೂ ಸರಿಯಾಗಿರುವಾಗ ಇದರಲ್ಲಿ ಪ್ರವಾಹವಿರುವುದಿಲ್ಲ. ಒಳಗಿನ ತಂತಿಯ ಹೊದಿಕೆ ಹರಿದು ಅದು ಕವಚವನ್ನು ಮುಟ್ಟಿದ ಕ್ಷಣದಲ್ಲಿ ಮಾತ್ರ ಇದಕ್ಕೆ ಕೆಲಸ. ಆಗ ಅದು ದೊಡ್ಡ ಪ್ರವಾಹವನ್ನು ಮೂಲಕ್ಕೆ ಹಿಂದಿರುಗಿಸಿ, ಫ್ಯೂಸು ಕರಗುವಂತೆ ಅಥವಾ ಸರ್ಕ್ಯೂಟ್ ಬ್ರೇಕರ್ ತೆರೆಯುವಂತೆ ಮಾಡಬೇಕು. ಆ ತನಕ ತಾನು ಸುಡದೆ ಉಳಿಯಬೇಕು. ಕವಚದ ಮೇಲಿನ ವೋಲ್ಟೇಜನ್ನು ಸಾಧ್ಯವಾದಷ್ಟು ತಗ್ಗಿಸಿ ಇಡಬೇಕು. ವರ್ಷಗಟ್ಟಲೆ ನಿಷ್ಕ್ರಿಯವಾಗಿದ್ದು ಒಂದೆರಡು ಕ್ಷಣಗಳಲ್ಲಿ ಈ ಮೂರು ಕರ್ತವ್ಯಗಳನ್ನೂ ನೆರವೇರಿಸಬೇಕಾದ ಈ ವಾಹಕದ ಗಾತ್ರವೆಷ್ಟಿರಬೇಕು ಎಂಬುದೇ ಪ್ರಶ್ನೆ.

ಕೋಷ್ಟಕವು ಇದಕ್ಕೆ ಕೊಡುವ ಉತ್ತರ ಅತಿ ಸರಳವಾದುದು. ಮಂಡಲದ ಮುಂದೆ ಇರುವ ಫ್ಯೂಸು ಅಥವಾ ಬ್ರೇಕರಿನ ಆಂಪೇರ್ ಪ್ರಮಾಣ ತಿಳಿದರೆ ಸಾಕು. ಆ ಸಾಲಿನಲ್ಲಿ ತಾಮ್ರದ ಮತ್ತು ಅಲ್ಯೂಮಿನಿಯಮಿನ ಕನಿಷ್ಠ ಗಾತ್ರಗಳು ದೊರೆಯುತ್ತವೆ. 15 ಆಂಪೇರಿಗೆ ತಾಮ್ರದ 14ನೆಯ ಸಂಖ್ಯೆಯ ತಂತಿ, 20ಕ್ಕೆ 12, 60ಕ್ಕೆ 10, 100ಕ್ಕೆ 8, 200ಕ್ಕೆ 6, 300ಕ್ಕೆ 4, 400ಕ್ಕೆ 3. ಹೀಗೆಯೇ ಮುಂದುವರಿದು 6,000 ಆಂಪೇರಿನವರೆಗೆ ಕೋಷ್ಟಕ ಸಾಗುತ್ತದೆ. ಅಮೆರಿಕದ ತಂತಿಮಾಪಕದಲ್ಲಿ ಸಂಖ್ಯೆ ಇಳಿದಂತೆ ತಂತಿ ದಪ್ಪವಾಗುತ್ತದೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಈ ವಾಹಕವು ಮಂಡಲದ ಮುಖ್ಯ ವಾಹಕಗಳಿಗಿಂತ ದೊಡ್ಡದಾಗಬೇಕಾದ ಅಗತ್ಯವಿಲ್ಲವೆಂದೂ ವಿಭಾಗ ಹೇಳುತ್ತದೆ. ಕೋಷ್ಟಕದ ಅಡಿಯಲ್ಲಿ ಒಂದು ಟಿಪ್ಪಣಿಯಿದೆ: 250.4ನೆಯ ವಿಭಾಗದಲ್ಲಿ ಹೇಳಿರುವ ಪರಿಣಾಮಕಾರಿ ದೋಷಪ್ರವಾಹ ಮಾರ್ಗ ಸಿದ್ಧಿಸಬೇಕಾದರೆ ಅಗತ್ಯವಿದ್ದಲ್ಲಿ ಕೋಷ್ಟಕದ ಗಾತ್ರಕ್ಕಿಂತ ದೊಡ್ಡ ವಾಹಕವನ್ನೇ ಹಾಕತಕ್ಕದ್ದು ಎಂಬುದು ಅದರ ತಾತ್ಪರ್ಯ. ಈ ಟಿಪ್ಪಣಿಯ ವಿಚಾರಕ್ಕೆ ಮುಂದೆ ಬರೋಣ.

3

ಕೋಷ್ಟಕವು ತನ್ನ ಕಾರಣವನ್ನು ತಾನು ಹೇಳುವುದಿಲ್ಲ. ಆದರೆ ಅದರ ಅಂಕಿಗಳನ್ನು ಚದರ ಮಿಲಿಮೀಟರುಗಳಿಗೆ ಪರಿವರ್ತಿಸಿ ನೋಡಿದರೆ ಒಳಗಿನ ಸೂತ್ರ ಹೊರಬೀಳುತ್ತದೆ. 200 ಆಂಪೇರಿನ ಸಾಲಿನಲ್ಲಿರುವ 6ನೆಯ ಸಂಖ್ಯೆಯ ತಂತಿಯ ಅಡ್ಡಕೊಯ್ತ 13.3 ಚದರ ಮಿಲಿಮೀಟರ್. ಅಂದರೆ ಚದರ ಮಿಲಿಮೀಟರೊಂದಕ್ಕೆ ಬ್ರೇಕರಿನ ಪ್ರಮಾಣದ 15 ಆಂಪೇರು. 400ರ ಸಾಲಿನಲ್ಲಿ 26.67 ಚದರ ಮಿಲಿಮೀಟರ್, ಅಲ್ಲಿಯೂ 15. 800ರ ಸಾಲಿನಲ್ಲಿ 53.5, ಮತ್ತೆ 15. 1,200ರಲ್ಲಿ 14.1, 2,000ದಲ್ಲಿ 15.7, 4,000ದಲ್ಲಿ 15.8, 6,000ದಲ್ಲಿ 14.8. ಆದಕಾರಣ 200ರಿಂದ 6,000 ಆಂಪೇರಿನವರೆಗೂ ಈ ಕೋಷ್ಟಕವು ಬ್ರೇಕರಿನ ಪ್ರಮಾಣವನ್ನು ಹೆಚ್ಚುಕಡಿಮೆ 15ರಿಂದ ಭಾಗಿಸಿ, ಸಮೀಪದ ಗಾತ್ರಕ್ಕೆ ಹೊಂದಿಸಿದ ಒಂದು ಸರಳ ಅನುಪಾತವೇ ಹೊರತು ಬೇರೆಯಲ್ಲ. ಕೆಳಗಿನ ಸಾಲುಗಳಲ್ಲಿ ಮಾತ್ರ ಉದಾರತೆ ಹೆಚ್ಚು: 100ರಲ್ಲಿ 11.9, 60ರಲ್ಲಿ 11.4, 20ರಲ್ಲಿ 6. ಸಣ್ಣ ತಂತಿಗೆ ಯಾಂತ್ರಿಕ ಬಲವೂ ಬೇಕಾದುದರಿಂದ ಈ ಉದಾರತೆ ಯುಕ್ತವೇ ಆಗಿದೆ.

ಈ ಅನುಪಾತದ ಅರ್ಥವೇನು? ಅಮೆರಿಕದ ತಂತಿ ತಯಾರಕರ ವಲಯದಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕವಿದೆ. 75 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರುವ ಹೊದಿಕೆಯುಳ್ಳ ತಾಮ್ರದ ತಂತಿಯು 150 ಡಿಗ್ರಿಯನ್ನು ಮೀರದೆ, ಪ್ರತಿ 42.25 ಸರ್ಕ್ಯುಲರ್ ಮಿಲ್‌ಗಳಿಗೆ ಒಂದು ಆಂಪೇರಿನಂತೆ 5 ಸೆಕೆಂಡುಗಳ ಕಾಲ ಪ್ರವಾಹವನ್ನು ತಡೆದುಕೊಳ್ಳಬಲ್ಲದು. ಸರ್ಕ್ಯುಲರ್ ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗದ ವ್ಯಾಸವುಳ್ಳ ವೃತ್ತದ ವಿಸ್ತೀರ್ಣ. 6ನೆಯ ಸಂಖ್ಯೆಯ ತಂತಿಯಲ್ಲಿ 26,240 ಸರ್ಕ್ಯುಲರ್ ಮಿಲ್‌ಗಳಿವೆ. ಭಾಗಿಸಿದರೆ 621 ಆಂಪೇರು, ಅಂದರೆ 200ರ ಸುಮಾರು ಮೂರು ಪಟ್ಟು. ಮೇಲಿನ ಸಾಲುಗಳಲ್ಲೆಲ್ಲ ಇದೇ ಮೂರು ಪಟ್ಟು ಬರುತ್ತದೆ. ಹೀಗಾಗಿ ಕೋಷ್ಟಕವು ಬಾಯಿಬಿಟ್ಟು ಹೇಳದೆ ಇರುವ ವಾಕ್ಯವನ್ನು ನಾವು ಹೀಗೆ ಪೂರ್ಣಗೊಳಿಸಬಹುದು: "ಈ ವಾಹಕವು ಬ್ರೇಕರಿನ ಪ್ರಮಾಣದ ಮೂರರಷ್ಟು ಪ್ರವಾಹವನ್ನು ಐದು ಸೆಕೆಂಡುಗಳ ಕಾಲ ಹೊತ್ತೀತು." ಕೋಷ್ಟಕದ ಸತ್ತ್ವವೂ ಮಿತಿಯೂ ಈ ಒಂದು ವಾಕ್ಯದಲ್ಲಿ ಅಡಗಿವೆ. ದೋಷಪ್ರವಾಹವು ನಿಜವಾಗಿ ಎಷ್ಟು ಬಂದೀತು, ಬ್ರೇಕರ್ ನಿಜವಾಗಿ ಎಷ್ಟು ಕಾಲದಲ್ಲಿ ತೆರೆದೀತು, ತಂತಿ ಎಷ್ಟು ಉದ್ದವಿದೆ ಎಂಬ ಮೂರು ಸಂಗತಿಗಳಲ್ಲಿ ಒಂದೂ ಇದರೊಳಗೆ ಪ್ರವೇಶಿಸಿಲ್ಲ.

4

ಮೊದಲನೆಯದಾಗಿ ಶಾಖದ ಪ್ರಶ್ನೆ. ಕೆಲವೇ ಸೆಕೆಂಡುಗಳೊಳಗೆ ಮುಗಿಯುವ ಪ್ರವಾಹದಿಂದ ಹುಟ್ಟಿದ ಶಾಖವು ಹೊರಗೆ ಹರಿದುಹೋಗಲು ಅವಕಾಶವಿಲ್ಲದೆ ತಂತಿಯಲ್ಲಿಯೇ ಉಳಿಯುತ್ತದೆಂದು ಇಟ್ಟುಕೊಂಡರೆ, ಬೇಕಾದ ಅಡ್ಡಕೊಯ್ತವು ಪ್ರವಾಹದ ವರ್ಗವನ್ನು ಕಾಲದಿಂದ ಗುಣಿಸಿ, ವರ್ಗಮೂಲ ತೆಗೆದು, ಲೋಹಕ್ಕೂ ಹೊದಿಕೆಗೂ ತಕ್ಕ ಒಂದು ಗುಣಾಂಕದಿಂದ ಭಾಗಿಸಿದಾಗ ಬರುವ ಬೆಲೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60364ನೆಯ ಮಾನಕದಲ್ಲಿ ಪಿ.ವಿ.ಸಿ. ಹೊದಿಕೆಯ, ಕೇಬಲಿನೊಳಗೆ ಸೇರದ ತಾಮ್ರದ ತಂತಿಗೆ ಈ ಗುಣಾಂಕ 143. ತಂತಿಯ ಆರಂಭದ ಉಷ್ಣತೆಯನ್ನು 30 ಡಿಗ್ರಿಯೆಂದು ಹಿಡಿಯುವುದರಿಂದ ಇದು ಅಮೆರಿಕದ ಲೆಕ್ಕಕ್ಕಿಂತ ಉದಾರವಾದುದು. ಕೋಷ್ಟಕದ ಪಕ್ಷಪಾತಿಗಳಿಗೆ ಅನ್ಯಾಯವಾಗದಿರಲೆಂದು ಉದಾರವಾದುದನ್ನೇ ಬಳಸೋಣ.

200 ಆಂಪೇರಿನ ಬ್ರೇಕರಿಗೆ ಕೋಷ್ಟಕ ಕೊಟ್ಟ 13.3 ಚದರ ಮಿಲಿಮೀಟರಿನ ತಂತಿಯನ್ನು ತೆಗೆದುಕೊಳ್ಳಿರಿ. 10,000 ಆಂಪೇರುಗಳ ದೋಷಪ್ರವಾಹವನ್ನು ಇದು 0.036 ಸೆಕೆಂಡಿನವರೆಗೆ ತಾಳಬಲ್ಲದು. ಅಮೆರಿಕದ 60 ಆವರ್ತಗಳ ಪದ್ಧತಿಯಲ್ಲಿ ಇದು ಎರಡು ಆವರ್ತಗಳಿಗಿಂತ ತುಸು ಹೆಚ್ಚು. ಬ್ರೇಕರ್ ಒಂದು ಆವರ್ತದಲ್ಲಿ ತೆರೆದರೆ ತಂತಿ ಉಳಿಯಿತು. ಮೂರು ಆವರ್ತ ತೆಗೆದುಕೊಂಡರೆ ಹೊದಿಕೆ ಕೆಟ್ಟಿತು. ದೋಷಪ್ರವಾಹವು 20,000 ಆಂಪೇರಾದರೆ ಉಳಿಯುವ ಅವಧಿ 0.009 ಸೆಕೆಂಡು ಮಾತ್ರ, ಅಂದರೆ ಹೆಚ್ಚುಕಡಿಮೆ ಅರ್ಧ ಆವರ್ತ.

ದೊಡ್ಡ ಕಾರ್ಖಾನೆಗಳಲ್ಲಿ ಸ್ಥಿತಿ ಇನ್ನೂ ಗಂಭೀರ. ಕೆಳಗಿನ ಬ್ರೇಕರಿಗೆ ಮೊದಲು ಅವಕಾಶ ದೊರೆಯಲೆಂದು ಮೇಲಿನ ದೊಡ್ಡ ಬ್ರೇಕರುಗಳನ್ನು ಉದ್ದೇಶಪೂರ್ವಕವಾಗಿ ತಡವಾಗಿ ತೆರೆಯುವಂತೆ ಹೊಂದಿಸುವುದುಂಟು. 1,200 ಆಂಪೇರಿನ ಅಂತಹ ಬ್ರೇಕರಿನ ವಿಳಂಬ 0.3 ಸೆಕೆಂಡು, ದೋಷಪ್ರವಾಹ 50,000 ಆಂಪೇರು ಎಂದು ಭಾವಿಸಿದರೆ, ಬೇಕಾದ ತಾಮ್ರ ಸುಮಾರು 192 ಚದರ ಮಿಲಿಮೀಟರ್. ಕೋಷ್ಟಕ ಕೊಡುವುದು 85. ಇದು ಅರ್ಧಕ್ಕೂ ಕಡಿಮೆ. ಕರಗಬೇಕಾದುದು ಫ್ಯೂಸು, ಇಲ್ಲಿ ಕರಗುವ ಭಯವಿರುವುದು ರಕ್ಷಕ ವಾಹಕಕ್ಕೆ. ಹಾಗೆ ಅದು ಕಡಿದುಹೋದ ಮೇಲೆ ಯಂತ್ರದ ಕವಚವು ಪೂರ್ಣ ವೋಲ್ಟೇಜಿನಲ್ಲಿ ನಿಂತು ಉಳಿಯುತ್ತದೆ. ಹೊರಗಿನಿಂದ ನೋಡಿದವನಿಗೆ ಯಾವ ಗುರುತೂ ಸಿಕ್ಕುವುದಿಲ್ಲ.

5

ಎರಡನೆಯದು ದೂರದ ಪ್ರಶ್ನೆ. ಮೇಲೆ ಹೇಳಿದುದು ದೋಷಪ್ರವಾಹ ಅತಿಯಾದಾಗಿನ ಕಷ್ಟ. ಅದು ಸಾಲದೆ ಹೋದಾಗಿನ ಕಷ್ಟ ಇನ್ನೊಂದು. 120 ವೋಲ್ಟಿನ, 200 ಆಂಪೇರಿನ ಒಂದು ಮಂಡಲದಲ್ಲಿ ಮುಖ್ಯ ವಾಹಕವು 85 ಚದರ ಮಿಲಿಮೀಟರಿನದು, ಭೂಸಂಪರ್ಕ ವಾಹಕವು ಕೋಷ್ಟಕದಂತೆ 13.3ರದು, ಉದ್ದ 100 ಮೀಟರ್ ಎಂದಿಟ್ಟುಕೊಳ್ಳೋಣ. 75 ಡಿಗ್ರಿಯಲ್ಲಿ ಮೊದಲನೆಯದರ ರೋಧ 0.025 ಓಮ್, ಎರಡನೆಯದರದು 0.161 ಓಮ್. ಮೂಲದ ರೋಧವನ್ನೂ ಇತರ ಸಣ್ಣಪುಟ್ಟ ಅಂಶಗಳನ್ನೂ ಬಿಟ್ಟರೂ ದೋಷಪ್ರವಾಹವು 645 ಆಂಪೇರನ್ನು ಮೀರಲಾರದು. ಇದು ಬ್ರೇಕರಿನ ಪ್ರಮಾಣದ 3.2 ಪಟ್ಟು. ಬ್ರೇಕರಿನ ತತ್‌ಕ್ಷಣದ ಕಾಂತೀಯ ಅಂಗವು ಇಷ್ಟಕ್ಕೆ ಸಾಮಾನ್ಯವಾಗಿ ಕದಲುವುದಿಲ್ಲ. ನಿಧಾನವಾದ ಉಷ್ಣಾಂಗವೇ ಕೆಲಸ ಮಾಡಬೇಕು. ಅದಕ್ಕೆ ಹಲವಾರು ಸೆಕೆಂಡುಗಳು ಹಿಡಿಯುತ್ತವೆ.

ಆ ಸೆಕೆಂಡುಗಳಲ್ಲಿ ಕವಚದ ಮೇಲಿರುವ ವೋಲ್ಟೇಜು ಎಷ್ಟು? ಒಟ್ಟು ರೋಧದ ಶೇಕಡ 87 ಭಾಗವು ಭೂಸಂಪರ್ಕ ವಾಹಕದಲ್ಲಿಯೇ ಇರುವುದರಿಂದ ವೋಲ್ಟೇಜಿನ ಅಷ್ಟೇ ಭಾಗವು ಕವಚದ ಮೇಲೆ ಬೀಳುತ್ತದೆ: 104 ವೋಲ್ಟು. 277 ವೋಲ್ಟಿನ ಮಂಡಲವಾಗಿದ್ದರೆ 240 ವೋಲ್ಟು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಡಾಲ್ಜಿಯಲ್ ಅವರ ಸಂಶೋಧನೆಯಿಂದ ಬಂದ ಪ್ರಸಿದ್ಧ ಸೂತ್ರದಂತೆ, 50 ಕಿಲೊಗ್ರಾಮ್ ತೂಕದ ಮನುಷ್ಯನ ದೇಹವು ಹೃದಯದ ಕಂಪನಕ್ಕೆ ಒಳಗಾಗದೆ ತಡೆದುಕೊಳ್ಳಬಲ್ಲ ಪ್ರವಾಹವು, ಮಿಲಿಆಂಪೇರುಗಳಲ್ಲಿ, 116ನ್ನು ಸೆಕೆಂಡುಗಳ ವರ್ಗಮೂಲದಿಂದ ಭಾಗಿಸಿದಷ್ಟು. ದೇಹದ ರೋಧವನ್ನು ರೂಢಿಯಂತೆ 1,000 ಓಮ್ ಎಂದು ಹಿಡಿದರೆ, 104 ವೋಲ್ಟಿಗೆ ದೊರೆಯುವ ಅವಧಿ 1.24 ಸೆಕೆಂಡು, 240 ವೋಲ್ಟಿಗೆ 0.23 ಸೆಕೆಂಡು. ಮೊದಲಿನ ನಿದರ್ಶನದಲ್ಲಿ ಬ್ರೇಕರ್ ತೆರೆಯುವ ವೇಳೆಗೆ ಈ ಅವಧಿ ಎಂದೋ ಮುಗಿದಿರುತ್ತದೆ. ತಂತಿ ಕೋಷ್ಟಕಕ್ಕೆ ಸರಿಯಾಗಿದೆ. ಪರೀಕ್ಷಕನು ಒಪ್ಪಿ ಸಹಿ ಹಾಕುವನು. ಆದರೂ ಕವಚವನ್ನು ಮುಟ್ಟಿದವನಿಗೆ ರಕ್ಷಣೆ ಇಲ್ಲ.

ಇದೇ ಮಂಡಲದಲ್ಲಿ 50 ಚದರ ಮಿಲಿಮೀಟರಿನ ಭೂಸಂಪರ್ಕ ವಾಹಕವಿದ್ದರೆ ದೋಷಪ್ರವಾಹವು ಸುಮಾರು 1,760 ಆಂಪೇರಿಗೆ ಏರಿ, ಕವಚದ ವೋಲ್ಟೇಜು 76ಕ್ಕೆ ಇಳಿಯುತ್ತದೆ. ವಾಹಕದ ಗಾತ್ರವು ಕೇವಲ ಅದು ಸುಡುವುದೋ ಇಲ್ಲವೋ ಎಂಬ ಪ್ರಶ್ನೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

6

ಸಂಹಿತಾಕಾರರಿಗೆ ದೂರದ ವಿಷಯ ತಿಳಿದಿಲ್ಲವೆಂದು ಹೇಳುವುದು ಸರಿಯಲ್ಲ. ವಿಭಾಗದ ಎರಡನೆಯ ಉಪವಿಧಿ ಅದಕ್ಕಾಗಿಯೇ ಹುಟ್ಟಿದುದು. ದೂರದಲ್ಲಿ ವೋಲ್ಟೇಜು ಕುಸಿಯುವುದೆಂದು ಮುಖ್ಯ ವಾಹಕವನ್ನು ದೊಡ್ಡದು ಮಾಡಿದರೆ, ಭೂಸಂಪರ್ಕ ವಾಹಕವನ್ನೂ ಅದೇ ಅನುಪಾತದಲ್ಲಿ ದೊಡ್ಡದು ಮಾಡಬೇಕೆಂದು 1999ರ ಆವೃತ್ತಿ ಹೇಳಿತ್ತು. ಅಲ್ಲಿ ನಿಯಮದೊಡನೆ ಕಾರಣವೂ ಇತ್ತು. 2002ರ ಆವೃತ್ತಿಯಲ್ಲಿ ವೋಲ್ಟೇಜು ಕುಸಿತದ ಮಾತನ್ನು ಕೈಬಿಟ್ಟು, ಮುಖ್ಯ ವಾಹಕ ದೊಡ್ಡದಾದಾಗಲೆಲ್ಲ ಎಂದು ವಿಧಿಸಲಾಯಿತು. ಕಾರಣವನ್ನು ಕಳೆದುಕೊಂಡ ನಿಯಮವು ಹೇಗೆ ವಿಪರೀತ ಫಲವನ್ನು ಕೊಡುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಎರಡು ಮಂಡಲಗಳನ್ನು ಕಲ್ಪಿಸಿಕೊಳ್ಳಿರಿ. ಎರಡರಲ್ಲಿಯೂ ಮುಖ್ಯ ವಾಹಕ 350 ಸಾವಿರ ಸರ್ಕ್ಯುಲರ್ ಮಿಲ್‌ಗಳದು, ಉದ್ದವೂ ಒಂದೇ. ಮೊದಲನೆಯದಕ್ಕೆ 300 ಆಂಪೇರಿನ ಬ್ರೇಕರ್. ಈ ಬ್ರೇಕರಿಗೆ ಆ ವಾಹಕವು ತಕ್ಕುದಾದುದರಿಂದ ಹೆಚ್ಚಳವೇನೂ ಇಲ್ಲ. ಕೋಷ್ಟಕದಂತೆ 4ನೆಯ ಸಂಖ್ಯೆಯ ತಂತಿ ಸಾಕು. ಎರಡನೆಯದಕ್ಕೆ 200 ಆಂಪೇರಿನ ಬ್ರೇಕರ್. ಇದಕ್ಕೆ 167.8 ಸಾವಿರ ಸರ್ಕ್ಯುಲರ್ ಮಿಲ್‌ಗಳ ವಾಹಕ ಸಾಕಾಗಿತ್ತು. 350 ಸಾವಿರದ್ದನ್ನು ಹಾಕಿರುವುದರಿಂದ ಹೆಚ್ಚಳ 2.086 ಪಟ್ಟು. ಕೋಷ್ಟಕದ 26,240ನ್ನು ಇದರಿಂದ ಗುಣಿಸಿದರೆ 54,730ರಷ್ಟಾಗುತ್ತದೆ. 3ನೆಯ ಸಂಖ್ಯೆಯ ತಂತಿಯಲ್ಲಿ 52,620 ಮಾತ್ರ ಇರುವುದರಿಂದ 2ನೆಯ ಸಂಖ್ಯೆಗೆ ಹೋಗಬೇಕು. ಅಂದರೆ ಬೇಗ ತೆರೆಯುವ ಸಣ್ಣ ಬ್ರೇಕರಿಗೆ ದಪ್ಪ ತಂತಿ, ತಡವಾಗಿ ತೆರೆಯುವ ದೊಡ್ಡ ಬ್ರೇಕರಿಗೆ ತೆಳುವಾದ ತಂತಿ! ಎರಡನೆಯ ಮಂಡಲದ ಬ್ರೇಕರನ್ನು ಕಿತ್ತು 300ರದನ್ನು ಹಾಕಿದರೆ, ಅಪಾಯ ಹೆಚ್ಚಿದರೂ ನಿಯಮದ ಬೇಡಿಕೆ ಕಡಿಮೆಯಾಗುತ್ತದೆ. ಯಾವ ಯುಕ್ತಿಯಿಂದಲೂ ಇದನ್ನು ಸಮರ್ಥಿಸುವುದು ಕಷ್ಟ.

2020ರ ಆವೃತ್ತಿಯಲ್ಲಿ ಈ ಉಪವಿಧಿಗೆ ಒಂದು ಅಪವಾದವನ್ನು ಸೇರಿಸಿದರು: ಪರಿಣಾಮಕಾರಿ ದೋಷಪ್ರವಾಹ ಮಾರ್ಗ ಸಿದ್ಧಿಸುವಂತೆ ಅರ್ಹನಾದ ವ್ಯಕ್ತಿ ಗಾತ್ರವನ್ನು ನಿರ್ಣಯಿಸಬಹುದು. ಸುತ್ತಲಿನ ಉಷ್ಣತೆ ಹೆಚ್ಚಿದ್ದರಿಂದ ಅಥವಾ ಒಂದೇ ಕೊಳವೆಯಲ್ಲಿ ತಂತಿಗಳು ಹೆಚ್ಚಿದ್ದರಿಂದ ಮಾಡಬೇಕಾಗಿ ಬಂದ ಹೆಚ್ಚಳವನ್ನೂ ಲೆಕ್ಕದಿಂದ ಹೊರಗಿಟ್ಟರು. ಸಂಹಿತೆ ತನ್ನನ್ನು ತಾನು ತಿದ್ದಿಕೊಳ್ಳುತ್ತಿದೆ ಎಂಬುದಕ್ಕೆ ಇವು ಸಾಕ್ಷಿ. ಅನುಪಾತದ ನಿಯಮ ಸ್ವತಃ ಸಾಲದೆಂಬುದಕ್ಕೂ ಇವೇ ಸಾಕ್ಷಿ.

7

ಇನ್ನೊಂದು ಪರಂಪರೆಯನ್ನು ಹೋಲಿಸಿ ನೋಡುವುದು ಅವಶ್ಯ. ಅಂತರರಾಷ್ಟ್ರೀಯ ಮಾನಕವು ಗಾತ್ರನಿರ್ಣಯಕ್ಕೆ ಎರಡು ಮಾರ್ಗಗಳನ್ನು ತೋರಿಸುತ್ತದೆ. ಒಂದು, ಮೇಲೆ ಹೇಳಿದ ಶಾಖದ ಸೂತ್ರದಿಂದ ಲೆಕ್ಕ ಹಾಕುವುದು. ಇನ್ನೊಂದು, ಲೆಕ್ಕವಿಲ್ಲದೆ ಮುಖ್ಯ ವಾಹಕದ ಗಾತ್ರದಿಂದಲೇ ನಿರ್ಧರಿಸುವುದು: ಎರಡೂ ಒಂದೇ ಲೋಹದವಾದರೆ, ಮುಖ್ಯ ವಾಹಕ 16 ಚದರ ಮಿಲಿಮೀಟರಿನವರೆಗೆ ಇದ್ದಲ್ಲಿ ಅಷ್ಟೇ ಗಾತ್ರ, 16ರಿಂದ 35ರವರೆಗೆ 16, ಅದಕ್ಕೂ ಮೀರಿದಲ್ಲಿ ಅರ್ಧ. ಭೂಸಂಪರ್ಕವನ್ನು ಕುರಿತ ಭಾರತೀಯ ಮಾನಕ 3043 ಮೊದಲು 1966ರಲ್ಲಿ ಪ್ರಕಟವಾಗಿ 1987ರಲ್ಲಿಯೂ 2018ರಲ್ಲಿಯೂ ಪರಿಷ್ಕೃತವಾಯಿತು. ಅದು ಬಹುಮಟ್ಟಿಗೆ ಈ ಸರಣಿಯನ್ನೇ ಅನುಸರಿಸುತ್ತದೆ. ಇದಲ್ಲದೆ ಅಂತರರಾಷ್ಟ್ರೀಯ ಮಾನಕವು ಮೂಲದಲ್ಲಿಯೇ ಭೂಸಂಪರ್ಕ ಪಡೆದು ಲೋಹಮಾರ್ಗದಿಂದ ಹಿಂದಿರುಗುವ ಪದ್ಧತಿಯಲ್ಲಿ, 230 ವೋಲ್ಟಿನ ಕೊನೆಯ ಮಂಡಲಗಳಿಗೆ 0.4 ಸೆಕೆಂಡು, ವಿತರಣಾ ಮಂಡಲಗಳಿಗೆ 5 ಸೆಕೆಂಡು ಎಂದು ತೆರೆಯುವ ಕಾಲವನ್ನು ವಿಧಿಸುತ್ತದೆ. ಅಮೆರಿಕದ ಸಂಹಿತೆಯ ಈ ಕೋಷ್ಟಕಕ್ಕೆ ಕಾಲದ ಕಲ್ಪನೆಯೇ ಇಲ್ಲ.

ಹಾಗೆಂದ ಮಾತ್ರಕ್ಕೆ ಈ ಪರಂಪರೆ ನಿರ್ದೋಷವೆಂದು ತಿಳಿಯಬಾರದು. ಅರ್ಧದ ನಿಯಮ ತಾಮ್ರವನ್ನು ಧಾರಾಳವಾಗಿ ಬೇಡುತ್ತದೆ. 95 ಚದರ ಮಿಲಿಮೀಟರಿನ ಮುಖ್ಯ ವಾಹಕಕ್ಕೆ ಇದರಂತೆ ಬೇಕಾದುದು 50. ಅದಕ್ಕೆ ಸಮೀಪವಾದ 85ರ ವಾಹಕಕ್ಕೆ ಅಮೆರಿಕದ ಕೋಷ್ಟಕ ಒಪ್ಪುವುದು 13.3. ದೋಷಪ್ರವಾಹ 10,000 ಆಂಪೇರು, ಕಾಲ 0.05 ಸೆಕೆಂಡು ಆದಾಗ ಶಾಖದ ಸೂತ್ರ ಕೇಳುವುದು 15.6 ಮಾತ್ರ. ಶಾಖವೊಂದನ್ನೇ ನೋಡಿದರೆ ಸತ್ಯವು ಕೆಲವು ವೇಳೆ ಅಮೆರಿಕದ ಕೋಷ್ಟಕಕ್ಕೆ ಹೆಚ್ಚು ಹತ್ತಿರವಾಗಿರುತ್ತದೆಂದು ಒಪ್ಪಬೇಕು.

ಸೂತ್ರದ ಮಾರ್ಗದಲ್ಲಿಯೂ ಒಂದು ಮುಳ್ಳಿದೆ. ಹೆಚ್ಚು ಪ್ರವಾಹಕ್ಕೆ ಹೆಚ್ಚು ಶಾಖವೆಂದು ಭಾವಿಸಿ ವಿದ್ಯಾರ್ಥಿಯು ಗರಿಷ್ಠ ದೋಷಪ್ರವಾಹಕ್ಕೆ ಮಾತ್ರ ಲೆಕ್ಕ ಹಾಕಿ ತೃಪ್ತನಾಗುವುದುಂಟು. ಆದರೆ ಪ್ರವಾಹ ತಗ್ಗಿದಂತೆ ಬ್ರೇಕರ್ ತೆರೆಯುವ ಕಾಲವು ವರ್ಗದ ಪ್ರಮಾಣವನ್ನೂ ಮೀರಿ ಬೆಳೆಯಬಹುದಾದುದರಿಂದ, ದೂರದ ತುದಿಯಲ್ಲಿ ಬರುವ ಕನಿಷ್ಠ ದೋಷಪ್ರವಾಹವೇ ಒಮ್ಮೊಮ್ಮೆ ತಂತಿಗೆ ಹೆಚ್ಚು ಶಾಖವನ್ನು ತುಂಬುತ್ತದೆ. ಆದಕಾರಣ ಎರಡು ತುದಿಗಳಲ್ಲಿಯೂ ಪರೀಕ್ಷಿಸದ ಲೆಕ್ಕ ಅರ್ಧ ಲೆಕ್ಕವೇ ಸರಿ.

8

ಈಗ ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳೋಣ. ಕೋಷ್ಟಕದ ಸಮರ್ಥಕರು ಹೇಳಬಹುದಾದ ಮಾತುಗಳು ಮೂರು. ಮೊದಲನೆಯದು, ಅಮೆರಿಕದ ವಾಣಿಜ್ಯ ಕಟ್ಟಡಗಳಲ್ಲಿ ತಂತಿಗಳು ಹೆಚ್ಚಾಗಿ ಉಕ್ಕಿನ ಕೊಳವೆಗಳೊಳಗೆ ಹಾಯುತ್ತವೆ, 250.118ನೆಯ ವಿಭಾಗದಂತೆ ಆ ಕೊಳವೆಯೇ ಭೂಸಂಪರ್ಕ ವಾಹಕವಾಗಬಲ್ಲದು. ತಂತಿಯೊಡನೆ ಅದೂ ಇದ್ದಾಗ ದೋಷಪ್ರವಾಹಕ್ಕೆ ಎರಡು ದಾರಿಗಳು ದೊರೆತು ಕವಚದ ವೋಲ್ಟೇಜು ನಮ್ಮ ಲೆಕ್ಕಕ್ಕಿಂತ ತಗ್ಗುತ್ತದೆ. ಎರಡನೆಯದು, ಕೆಲಸದ ಸ್ಥಳದಲ್ಲಿ ದೋಷಪ್ರವಾಹದ ಪ್ರಮಾಣ ಸಾಮಾನ್ಯವಾಗಿ ತಿಳಿದಿರುವುದಿಲ್ಲ, ಬ್ರೇಕರಿನ ಮೇಲೆ ಬರೆದ ಅಂಕಿ ಮಾತ್ರ ಕಣ್ಣಿಗೆ ಕಾಣುತ್ತದೆ. ಕಾಣುವ ಅಂಕಿಯನ್ನೇ ಆಧರಿಸಿದ ನಿಯಮವನ್ನು ಪರೀಕ್ಷಕನು ಎಲ್ಲೆಡೆಯೂ ಒಂದೇ ರೀತಿ ಜಾರಿಗೆ ತರಬಲ್ಲನು. ಮೂರನೆಯದು, ತಾನು ವಿನ್ಯಾಸದ ಕೈಪಿಡಿಯಲ್ಲವೆಂದೂ ತರಬೇತಿಯಿಲ್ಲದವರಿಗೆ ಬೋಧೆಯ ಪುಸ್ತಕವಲ್ಲವೆಂದೂ ಸಂಹಿತೆ ತನ್ನ ಪೀಠಿಕಾಭಾಗದಲ್ಲಿಯೇ ಹೇಳಿಕೊಂಡಿದೆ. ಕನಿಷ್ಠವನ್ನು ಗೊತ್ತುಮಾಡಿದವನನ್ನು ಪರಮಾವಧಿಯನ್ನು ಹೇಳಲಿಲ್ಲವೆಂದು ನಿಂದಿಸುವುದು ತರವಲ್ಲ.

ಮೊದಲನೆಯ ಮಾತು ಕೊಳವೆ ಉಕ್ಕಿನದಾದಲ್ಲಿ ನಿಜ, ಪ್ಲಾಸ್ಟಿಕ್ ಕೊಳವೆಯಲ್ಲಿ ನಿರಾಧಾರ. ಆದರೆ ಎರಡು ಸಂದರ್ಭಗಳಲ್ಲಿಯೂ ಕೋಷ್ಟಕದ ಅಂಕಿ ಒಂದೇ. ಎರಡನೆಯದು ಗೌರವಾರ್ಹವಾದ ವಾದ. ಎಲ್ಲರಿಗೂ ತಿಳಿಯುವ ಸ್ಥೂಲ ನಿಯಮವು ಯಾರೂ ಪಾಲಿಸದ ಸೂಕ್ಷ್ಮ ನಿಯಮಕ್ಕಿಂತ ಲೋಕೋಪಕಾರಿ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಮೂರನೆಯದಕ್ಕೆ ಉತ್ತರ ಟಿಪ್ಪಣಿಯಲ್ಲಿದೆ. ದೋಷಪ್ರವಾಹದ ಮಾರ್ಗವು ಬ್ರೇಕರನ್ನು ತೆರೆಯಿಸಲು ಸಮರ್ಥವಾಗಿರಬೇಕು, ಬರಬಹುದಾದ ಗರಿಷ್ಠ ದೋಷಪ್ರವಾಹವನ್ನು ಕ್ಷೇಮವಾಗಿ ಹೊರಬೇಕು, ನೆಲವನ್ನು ಅಂತಹ ಮಾರ್ಗವೆಂದು ಎಣಿಸಬಾರದು ಎಂಬ 250.4ನೆಯ ವಿಭಾಗದ ತತ್ತ್ವವೇ ಇಲ್ಲಿ ರಾಜ. ಕೋಷ್ಟಕವು ಅದರ ಸೇವಕ. ಆದರೆ ಗ್ರಂಥದ ವಿನ್ಯಾಸದಲ್ಲಿ ಸೇವಕನು ಸಿಂಹಾಸನದ ಮೇಲೆ ಕುಳಿತಿದ್ದಾನೆ, ರಾಜನು ಅಡಿಟಿಪ್ಪಣಿಯಲ್ಲಿ ನಿಂತಿದ್ದಾನೆ. ಓದುಗನ ಕಣ್ಣು ಅಂಕಿಗಳ ಸಾಲಿಗೆ ಹೋಗುತ್ತದೆಯೇ ಹೊರತು ಅದರ ಕೆಳಗಿನ ಸಣ್ಣ ಅಕ್ಷರಗಳಿಗಲ್ಲ. ಕೋಷ್ಟಕದ ಮೇಲೆ ನಮ್ಮ ಮುಖ್ಯ ಆಕ್ಷೇಪವೆಂದರೆ ಅದರ ಅಂಕಿಗಳು ತಪ್ಪೆಂಬುದಲ್ಲ, ಅದರ ಅಂಕಿಗಳು ಎಲ್ಲಿಯವರೆಗೆ ಸರಿಯೆಂಬುದನ್ನು ಅದು ಹೇಳುವುದಿಲ್ಲವೆಂಬುದು. ಇಂತಿಷ್ಟು ಉದ್ದದವರೆಗೆ, ಇಂತಿಷ್ಟು ದೋಷಪ್ರವಾಹದವರೆಗೆ ಎಂಬ ಎರಡು ಅಂಕಣಗಳನ್ನು ಸೇರಿಸಿದರೂ ಸರಳತೆಗೆ ಭಂಗ ಬಾರದೆ ಈ ಕೊರತೆ ನೀಗುತ್ತಿತ್ತು.

9

ಈ ವಿಮರ್ಶೆಯಿಂದ ನಮ್ಮ ಕಾಲೇಜುಗಳಿಗೆ ಆಗಬೇಕಾದ ಪ್ರಯೋಜನವೇನು? ನಮ್ಮ ದೇಶದಲ್ಲಿ ಯಂತ್ರಗಳ ಭೂಸಂಪರ್ಕವನ್ನು ಕುರಿತ ಕಾನೂನು ಬೇರೆ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 61ನೆಯದು ಸ್ಥಿರ ಮೋಟಾರು ಮೊದಲಾದವುಗಳ ಚೌಕಟ್ಟಿಗೆ ಎರಡು ಪ್ರತ್ಯೇಕ ಭೂಸಂಪರ್ಕಗಳನ್ನು ವಿಧಿಸಿತ್ತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಬಂಧನೆಗಳು ಆ ನಿಯಮಗಳ ಸ್ಥಾನದಲ್ಲಿ ಬಂದುವು. 2023ರಲ್ಲಿ ಅವೂ ಹೊಸದಾಗಿ ರಚಿತವಾದುವು. ಎರಡು ದಾರಿಗಳಿರಲಿ ಎಂಬುದು ಉತ್ತಮ ಸಂಪ್ರದಾಯ. ಆದರೆ ಅದರೊಡನೆ ಒಂದು ತಪ್ಪು ತಿಳಿವಳಿಕೆಯೂ ಬೆಳೆದು ಬಂದಿದೆ: ಭೂಸಂಪರ್ಕವೆಂದರೆ ಇದ್ದಿಲು, ಉಪ್ಪು ತುಂಬಿದ ಗುಂಡಿ, ಗುಂಡಿಯ ರೋಧ ಕಡಿಮೆಯಾದರೆ ರಕ್ಷಣೆ ಪೂರ್ಣವಾಯಿತು ಎಂಬ ನಂಬಿಕೆ. ಲೆಕ್ಕ ಹಾಕಿ ನೋಡೋಣ. ಗುಂಡಿಯ ರೋಧ 5 ಓಮ್ ಇದ್ದು, ಲೋಹದ ಮರಳುದಾರಿ ಇಲ್ಲದಿದ್ದರೆ, 230 ವೋಲ್ಟಿನಲ್ಲಿ ಹರಿಯುವ ಪ್ರವಾಹ ಹೆಚ್ಚೆಂದರೆ 46 ಆಂಪೇರು. 32 ಆಂಪೇರಿನ ಸಿ ವರ್ಗದ ಕಿರು ಬ್ರೇಕರ್ ಕೂಡಲೇ ತೆರೆಯಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಎಂದರೆ 160ರಿಂದ 320 ಆಂಪೇರು ಬೇಕು. 46 ಆಂಪೇರಿಗೆ ಅದು ಒಂದು ಗಂಟೆಯೊಳಗೆ ತೆರೆಯಲೇಬೇಕೆಂಬ ಕಟ್ಟಳೆಯೂ ಮಾನಕದಲ್ಲಿಲ್ಲ. ಅಂತಹ ಕಡೆ ಜೀವವನ್ನು ಕಾಯುವುದು ಗುಂಡಿಯಲ್ಲ, 30 ಮಿಲಿಆಂಪೇರಿನ ಸೋರಿಕೆಗೆ ತೆರೆಯುವ ರಕ್ಷಕ ಸಾಧನ. ನೆಲವನ್ನು ದೋಷಪ್ರವಾಹದ ಮಾರ್ಗವೆಂದು ಎಣಿಸಬಾರದೆಂಬ ಅಮೆರಿಕದ ಸಂಹಿತೆಯ ಮಾತು ಅದರ ಕೋಷ್ಟಕಕ್ಕಿಂತ ನೂರುಪಾಲು ಬೆಲೆಯುಳ್ಳದ್ದು. ನಮ್ಮ ವಿದ್ಯಾರ್ಥಿಗಳು ಎರವಲು ತರಬೇಕಾದುದಿದ್ದರೆ ಅದನ್ನು ತರಲಿ.

ಬೋಧನೆಯಲ್ಲಿ ಒಂದು ಮಾರ್ಪಾಡು ಅಗತ್ಯ. 200 ಆಂಪೇರಿನ ಬ್ರೇಕರಿಗೆ ಭೂಸಂಪರ್ಕ ವಾಹಕದ ಗಾತ್ರವೇನೆಂದು ಕೇಳಿ, ಕೋಷ್ಟಕದ ಅಂಕಿಯನ್ನು ಬರೆದವನಿಗೆ ಅಂಕ ಕೊಡುವುದು ಜ್ಞಾಪಕಶಕ್ತಿಯ ಪರೀಕ್ಷೆ. ಮಂಡಲದ ಉದ್ದ, ಮೂಲದ ಸಾಮರ್ಥ್ಯ, ಬ್ರೇಕರಿನ ಕಾಲರೇಖೆ ಇವನ್ನು ಕೊಟ್ಟು ಮೂರು ಪ್ರಶ್ನೆಗಳನ್ನು ಕೇಳಬೇಕು. ಗರಿಷ್ಠ, ಕನಿಷ್ಠ ದೋಷಪ್ರವಾಹಗಳೆರಡರಲ್ಲಿಯೂ ಈ ತಂತಿ ಸುಡದೆ ಉಳಿಯುವುದೇ? ಬ್ರೇಕರ್ ತಕ್ಕ ಕಾಲದಲ್ಲಿ ತೆರೆಯುವುದೇ? ಆ ತನಕ ಕವಚದ ಮೇಲೆ ನಿಲ್ಲುವ ವೋಲ್ಟೇಜು ಎಷ್ಟು? ಮೂರಕ್ಕೂ ಸಮಾಧಾನ ದೊರೆತ ಮೇಲೆ ಕೋಷ್ಟಕವನ್ನು ತೆರೆದು, ತಾನು ಪಡೆದ ಗಾತ್ರವು ಅದರ ಕನಿಷ್ಠಕ್ಕಿಂತ ಕೆಳಗಿಲ್ಲವೆಂದು ಖಚಿತಪಡಿಸಿಕೊಳ್ಳಲಿ. ಕೋಷ್ಟಕದ ಸ್ಥಾನ ಲೆಕ್ಕದ ಕೊನೆಯಲ್ಲಿ, ಆರಂಭದಲ್ಲಿ ಅಲ್ಲ.

ಒಟ್ಟಿನಲ್ಲಿ, 250.122ನೆಯ ಕೋಷ್ಟಕವು ಅಲ್ಪದೂರದ, ಮಧ್ಯಮ ದೋಷಪ್ರವಾಹದ, ಉಕ್ಕಿನ ಕೊಳವೆಗಳ ಲೋಕಕ್ಕೆ ಹೊಂದಿಕೊಂಡ ಒಂದು ಅನುಭವಸಿದ್ಧ ಅನುಪಾತ. ಆ ಲೋಕದೊಳಗೆ ಅದು ವಿಶ್ವಾಸಾರ್ಹ. ಅದರಾಚೆಗೆ ಅದನ್ನು ಒಯ್ಯುವವನು ಲೆಕ್ಕವನ್ನೂ ಜೊತೆಗೆ ಒಯ್ಯಬೇಕು.